ಕಾಳು ಹಾಕಿದರೆ ಸಾಕು ಎನ್ನುವವರಿಗೆ

ನಾಯಿ ಸಾಕಿದರೆ ಎರಡು ಹೊತ್ತು ಹೊರಗೆ ಸುತ್ತಾಡಿಸಬೇಕು, ಹಕ್ಕಿಗಾದರೆ ಒಂದು ಹಿಡಿ ಕಾಳು, ಒಂದು ಬಟ್ಟಲು ನೀರು, ಅಷ್ಟೇ. ಹಕ್ಕಿ ಮಾರುವವರು ಹೀಗೆ ಹೇಳುತ್ತಾರೆ; ಪಂಜರವನ್ನು ಕೈಗಿಡುವಾಗ ಒಂದು ಕಿಲೋ ನವಣೆಯನ್ನೂ ಕಟ್ಟಿಕೊಡುತ್ತಾರೆ. ಮಗಳ ಹುಟ್ಟುಹಬ್ಬಕ್ಕೆ ಜೋಡಿ ಹಕ್ಕಿ ತಂದ ಅಪ್ಪ ಅದನ್ನು ನಂಬುತ್ತಾನೆ, ಪಕ್ಕದ ಮನೆಯವರು ಕೇಳಿದರೆ ಅವರಿಗೂ ಅದನ್ನೇ ಹೇಳುತ್ತಾನೆ. ಹೀಗೆ ಬಾಯಿಂದ ಬಾಯಿಗೆ ಸಾಗಿ, ಯಾರೂ ಮರುಪ್ರಶ್ನೆ ಹಾಕದ ಮಾತಾಗಿ ಇದು ನಿಂತುಬಿಟ್ಟಿದೆ. ಈ ಮಾತು ತಪ್ಪು. ಸಣ್ಣಪುಟ್ಟ ತಪ್ಪಲ್ಲ, ಹಕ್ಕಿಯ ಜೀವ ತೆಗೆಯುವ ತಪ್ಪು. ಪಂಜರದ ಹಕ್ಕಿಗಳನ್ನು ನೋಡುವ ಯಾವ ಪಶುವೈದ್ಯರನ್ನು ಕೇಳಿದರೂ, ತಮ್ಮ ಮೇಜಿನ ಮೇಲೆ ಬರುವ ಎಷ್ಟೋ ಕಾಯಿಲೆಗಳ ಬೇರು ಕಾಳಿನ ಬಟ್ಟಲಲ್ಲೇ ಇದೆ ಎನ್ನುತ್ತಾರೆ.

ಯಾವ ಹಕ್ಕಿಗಳ ಮಾತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಎಲ್ಲರೂ ಲವ್ ಬರ್ಡ್ಸ್ ಎಂದು ಕರೆಯುವ, ಹಸಿರು, ನೀಲಿ, ಹಳದಿ ಬಣ್ಣದ ಪುಟ್ಟ ಹಕ್ಕಿ ಹೆಚ್ಚಿನ ಮನೆಗಳಲ್ಲಿ ಬಡ್ಜಿ. ಆಸ್ಟ್ರೇಲಿಯಾದ ಒಣ ಒಳನಾಡಿನದು. ತಲೆಯ ಮೇಲೆ ಜುಟ್ಟಿರುವ ಕಾಕಟೀಲ್ ಕೂಡ ಅಲ್ಲಿಯದೇ. ಆಫ್ರಿಕಾದಿಂದ ಬಂದ ನಿಜವಾದ ಲವ್ ಬರ್ಡ್‌ಗಳೂ, ದುಡ್ಡಿದ್ದವರ ಮನೆಯಲ್ಲಿ ಮಾತನಾಡುವ ಬೂದು ಗಿಳಿಗಳೂ ಇವೆ. ನಮ್ಮ ತೋಟದ ಕೊರಳಪಟ್ಟಿ ಗಿಳಿಯನ್ನು ಈ ಪಟ್ಟಿಗೆ ಸೇರಿಸುವುದಿಲ್ಲ. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕೆ ಏನು ತಿನ್ನಿಸಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ: ಅದು ಪಂಜರದಲ್ಲಿ ಇರಲೇಬಾರದು.

ಹೊಟ್ಟೆ ತುಂಬಿದ್ದರೆ ಊಟ ಸರಿಯಾಗಿದೆ ಎಂಬ ನಂಬಿಕೆಯನ್ನು ಬುಡಮೇಲು ಮಾಡಿದ್ದೇ ಪಂಜರದ ಹಕ್ಕಿಗಳು. 1890ರ ಸುಮಾರಿಗೆ, ಇಂದಿನ ಜಕಾರ್ತದಲ್ಲಿ, ಆಗ ಬಟಾವಿಯಾ ಎನ್ನುತ್ತಿದ್ದ ಊರಿನಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ, ಮನುಷ್ಯರ ಕೈಕಾಲು ಸೋಲಿಸುವ ಬೆರಿಬೆರಿ ರೋಗದ ಬೆನ್ನು ಹತ್ತಿದ್ದ. ಅವನ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಕುಸಿಯತೊಡಗಿದವು. ಮೇವಿಗೇನೂ ಬರ ಇರಲಿಲ್ಲ. ಸೇನಾ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನವನ್ನು ಅವುಗಳಿಗೆ ಬೇಕಾದಷ್ಟು ಹಾಕುತ್ತಿದ್ದರು. ಅಷ್ಟರಲ್ಲಿ ಹೊಸ ಅಡುಗೆಯವನು ಬಂದ. ಸೈನಿಕರ ಅನ್ನ ಕೋಳಿಗಳಿಗೇಕೆ ಎಂದು ಕೊಡುವುದನ್ನು ನಿಲ್ಲಿಸಿದ. ಕೋಳಿಗಳಿಗೆ ಮತ್ತೆ ತೌಡು ತೆಗೆಯದ ಅಕ್ಕಿಯೇ ಗತಿಯಾಯಿತು. ಅವು ಎದ್ದು ಓಡಾಡಿದವು. ಅನ್ನದಲ್ಲೇ ಏನೋ ವಿಷವಿದೆ ಎಂದು ಐಕ್‌ಮನ್ ಮೊದಲು ಎಣಿಸಿದ್ದ. ಬಿಳಿ ಅನ್ನದಲ್ಲಿ ವಿಷವಿಲ್ಲ, ಇರಬೇಕಾದ ಏನೋ ಒಂದು ಇಲ್ಲ ಎಂಬುದನ್ನು 1901ರಲ್ಲಿ ಹೇಳಿದವನು ಅವನ ಕೆಲಸವನ್ನು ಮುಂದುವರಿಸಿದ ಖೆರಿಟ್ ಖ್ರೈನ್ಸ್. ಹತ್ತು ವರ್ಷದ ಮೇಲೆ ಲಂಡನ್ನಿನಲ್ಲಿ ಕಾಸಿಮಿರ್ ಫಂಕ್ ಪಾರಿವಾಳಗಳಿಗೆ ಪಾಲಿಶ್ ಅಕ್ಕಿ ತಿನ್ನಿಸಿ ರೋಗ ಬರಿಸಿ, ತೌಡಿನ ಸಾರದಿಂದ ಗುಣಪಡಿಸಿ, 1912ರಲ್ಲಿ ವಿಟಮಿನ್ ಎಂಬ ಹೆಸರನ್ನು ಬಳಕೆಗೆ ತಂದ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ನಮ್ಮ ಮಕ್ಕಳಿಗೆ ಸೊಪ್ಪು, ಹಣ್ಣು, ಬೇಳೆ ಎಲ್ಲವನ್ನೂ ತಿನ್ನಿಸಬೇಕೆಂಬ ತಿಳಿವಳಿಕೆ ಮನುಷ್ಯನಿಗೆ ಬಂದದ್ದರಲ್ಲಿ, ಒಂದೇ ಕಾಳು ತಿಂದು ಕುಸಿದ ಆ ಕೋಳಿ, ಪಾರಿವಾಳಗಳ ಪಾಲು ದೊಡ್ಡದು. ಆ ತಿಳಿವಳಿಕೆಯನ್ನು ಅಡುಗೆಮನೆಗೆ ತಂದುಕೊಂಡವರು ಹಕ್ಕಿಯ ಪಂಜರದ ಬಾಗಿಲಲ್ಲಿ ಅದನ್ನು ಬಿಟ್ಟುಬಿಟ್ಟಿರುವುದು ನನಗೆ ಸಹಿಸಲಾಗದ ಸಂಗತಿ.

ಕಾಳಿನಲ್ಲಿ ಏನಿಲ್ಲ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಬಹುಕಾಲ ಪ್ರಕಟಿಸುತ್ತಾ ಬಂದ ಭಾರತೀಯ ಆಹಾರಗಳ ಕೋಷ್ಟಕವನ್ನೇ ತೆಗೆದು ನೋಡಬಹುದು. 100 ಗ್ರಾಂ ನವಣೆಯಲ್ಲಿ ಸುಣ್ಣಾಂಶ ಸುಮಾರು 31 ಮಿಲಿಗ್ರಾಂ, ರಂಜಕ 290. ಹಕ್ಕಿಯ ಮೈಗೆ ಸುಣ್ಣ ರಂಜಕಕ್ಕಿಂತ ಹೆಚ್ಚು ಬೇಕು. ಇಲ್ಲಿ ರಂಜಕವೇ ಒಂಬತ್ತು ಪಟ್ಟು. ವಿಟಮಿನ್ ಎ ಆಗಬಲ್ಲ ಕೆರೋಟಿನ್ ನವಣೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಸೂರ್ಯಕಾಂತಿ ಬೀಜ: ಅದರ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಅದೇ ಕೋಷ್ಟಕದಲ್ಲಿ ನುಗ್ಗೆಸೊಪ್ಪಿನ ಸಾಲನ್ನೂ ಓದಿ. 100 ಗ್ರಾಂಗೆ ಸುಣ್ಣ 440 ಮಿಲಿಗ್ರಾಂ, ಕೆರೋಟಿನ್ 6,780 ಮೈಕ್ರೋಗ್ರಾಂ. ಈ ಎರಡು ಸಾಲುಗಳ ನಡುವಿನ ಅಂತರವೇ ಹಕ್ಕಿಯ ಆರೋಗ್ಯ ಮತ್ತು ಅನಾರೋಗ್ಯದ ನಡುವಿನ ಅಂತರ.

ಈ ಕೊರತೆ ಕಣ್ಣಿಗೆ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಅದಕ್ಕೇ ಜನ ನಂಬುವುದಿಲ್ಲ. ವಿಟಮಿನ್ ಎ ಇಲ್ಲದ ಹಕ್ಕಿಯ ಬಾಯಿ, ಗಂಟಲು, ಮೂಗಿನ ಒಳಪದರ ದಪ್ಪಗಾಗಿ ಒರಟಾಗುತ್ತದೆ; ಬಾಯಲ್ಲಿ ಬಿಳಿ ಗಂಟುಗಳೇಳುತ್ತವೆ. ಸೋಂಕನ್ನು ತಡೆಯಬೇಕಾದ ಗೋಡೆಯೇ ಬಿರುಕುಬಿಟ್ಟ ಮೇಲೆ ಸೀನು, ಕಟ್ಟಿದ ಮೂಗು, ಉಬ್ಬಸ ಬರುತ್ತವೆ. ಮನೆಯವರು ಚಳಿಗಾಳಿ ತಾಗಿತು ಎನ್ನುತ್ತಾರೆ. ಅಯೋಡಿನ್ ಸಾಲದ ಬಡ್ಜಿಗೆ ಗಳಗಂಡವಾಗುತ್ತದೆ. ಊದಿದ ಗ್ರಂಥಿ ಎದೆಯ ಬಾಯಲ್ಲಿ ಕುಳಿತು ಶ್ವಾಸನಾಳವನ್ನೂ ಕಾಳು ಇಳಿಯುವ ದಾರಿಯನ್ನೂ ಒತ್ತುತ್ತದೆ. ಹಕ್ಕಿ ಉಸಿರೆಳೆದಾಗಲೆಲ್ಲ ಕೀರಲು ಸದ್ದು, ತಿಂದದ್ದು ವಾಪಸ್. ಹೊಸ ಕೂಗು ಕಲಿತಿದೆ ಎಂದು ಮಕ್ಕಳು ಖುಷಿಪಟ್ಟ ಮನೆಯೂ ಇದೆ. ಕೊಬ್ಬು ಕಟ್ಟಿದ ಯಕೃತ್ತಿನ ಹಕ್ಕಿಗೆ ಕೊಕ್ಕು ಅಡ್ಡಾದಿಡ್ಡಿ ಬೆಳೆಯುತ್ತದೆ. ಉಗುರು ಕತ್ತರಿಯಿಂದ ಕೊಕ್ಕಿನ ತುದಿ ಕತ್ತರಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ; ಒಳಗೆ ಯಕೃತ್ತು ಸೋಲುತ್ತಲೇ ಇರುತ್ತದೆ.

ಹೆಣ್ಣು ಹಕ್ಕಿಯ ಪಾಡು ಇನ್ನೂ ಕಠಿಣ. ಪಂಜರದೊಳಗೆ ಮಡಕೆ ಕಟ್ಟಿದರೆ ಬಡ್ಜಿ ಮೊಟ್ಟೆಗೆ ಕೂರುತ್ತದೆ, ಒಂದು ಸೂಲಿಗೆ ನಾಲ್ಕರಿಂದ ಆರು. ಮರಿ ಮಾರಿದರೆ ನಾಲ್ಕು ಕಾಸು ಎಂದು ಮಡಕೆ ತೆಗೆಯದೆ ಬಿಟ್ಟವರ ಮನೆಯಲ್ಲಿ ಸೂಲಿನ ಮೇಲೆ ಸೂಲು. ಪ್ರತಿ ಮೊಟ್ಟೆಯ ಚಿಪ್ಪಿಗೂ ಸುಣ್ಣ ಬೇಕು. ನವಣೆಯಲ್ಲಿ ಅದಿಲ್ಲ. ಹಕ್ಕಿ ತನ್ನ ಮೂಳೆಯಿಂದ ಅದನ್ನು ಕೊಡುತ್ತದೆ, ಅದೂ ತೀರಿದ ಮೇಲೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಪಂಜರದ ತಳದಲ್ಲಿ ರೆಕ್ಕೆ ಇಳಿಬಿಟ್ಟು, ಬಾಲ ಅಲ್ಲಾಡಿಸುತ್ತಾ ತಿಣುಕುವ ಆ ಹಕ್ಕಿಯನ್ನು ಒಮ್ಮೆ ಕಂಡವರಿಗೆ ಕಾಳು ಸಾಕು ಎಂಬ ಮಾತು ಬಾಯಿಗೆ ಬರಲಾರದು. ದುಡ್ಡು ಸುರಿದು ತಂದ ಬೂದು ಗಿಳಿ ರಕ್ತದಲ್ಲಿ ಸುಣ್ಣ ಇಳಿದು ಸೆಳೆತ ಬಂದು ಕೋಲಿನಿಂದ ಕೆಳಗೆ ಬೀಳುವುದೂ ಇದೇ ಕಾರಣಕ್ಕೆ.

ಇಷ್ಟು ಹೇಳಿದ ಮೇಲೂ ಎದುರು ಬರುವ ವಾದಗಳಿವೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಬಡ್ಜಿ ಕಾಡಿನಲ್ಲೂ ಕಾಳನ್ನೇ ತಿನ್ನುತ್ತದೆ, ಅದರ ಸಹಜ ಆಹಾರವೇ ಹುಲ್ಲಿನ ಬೀಜ, ಅದಕ್ಕೆ ಸೊಪ್ಪು ತರಕಾರಿ ತಿನ್ನಿಸುವುದು ನಮ್ಮ ಹುಚ್ಚು. ಅರ್ಧ ನಿಜವಾದ್ದರಿಂದ ಈ ವಾದಕ್ಕೆ ಬಲ ಬಂದಿದೆ. ಆಸ್ಟ್ರೇಲಿಯಾದ ಬಡ್ಜಿ ಬೀಜ ತಿನ್ನುವ ಹಕ್ಕಿ ಹೌದು. ಆದರೆ ಅದು ಹಲವಾರು ಜಾತಿಯ ಹುಲ್ಲು, ಕಳೆಗಳ ಬೀಜವನ್ನು ಋತುವಿನಂತೆ ಬದಲಿಸಿಕೊಂಡು ತಿನ್ನುತ್ತದೆ. ಮಳೆ ಬಿದ್ದ ಕಡೆಗೆ ಹಿಂಡು ಕಟ್ಟಿ ಹಾರಿಹೋಗಿ, ಹಾಲು ತುಂಬಿದ ಹಸಿ ತೆನೆ ಸಿಗುವ ಹೊತ್ತಿಗೆ ಮರಿ ಮಾಡುತ್ತದೆ. ನೆಲದಲ್ಲಿ ಹೆಕ್ಕುವಾಗ ಮಣ್ಣಿನ ಖನಿಜವೂ ಹೊಟ್ಟೆಗೆ ಹೋಗುತ್ತದೆ. ದಿನವಿಡೀ ಬಿಸಿಲು. ನೀರಿಗಾಗಿ, ಮೇವಿಗಾಗಿ ಮೈಲುಗಟ್ಟಲೆ ಹಾರಾಟ. ಇದರಲ್ಲಿ ಯಾವುದು ನಮ್ಮ ಹಜಾರದ ಮೂಲೆಯ ಎರಡಡಿ ಪಂಜರದಲ್ಲಿದೆ? ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದ ಒಣ ನವಣೆಯನ್ನು ಕಾಡಿನ ಹಸಿ ತೆನೆಗೆ ಸಮ ಎನ್ನುವವರು ಸೀತನಿ ತಿಂದೇ ಇಲ್ಲವೆನ್ನಬೇಕು. ಎಳೆ ಜೋಳದ ತೆನೆ ಸುಟ್ಟು ಉಜ್ಜಿದ ಸೀತನಿಯೂ ಕಣದಲ್ಲಿ ಒಣಗಿದ ಜೋಳವೂ ಒಂದೇ ಗಿಡದವು, ಒಂದೇ ಆಹಾರವಲ್ಲ.

ಕಾಡಿನ ಗಿಳಿ ಏನು ತಿನ್ನುತ್ತದೆ ಎಂದು ತಿಳಿಯಲು ಆಸ್ಟ್ರೇಲಿಯಾಕ್ಕೇ ಹೋಗಬೇಕಿಲ್ಲ. ನಮ್ಮ ಗಿಳಿಯನ್ನು ನೋಡಿದರೆ ಸಾಕು. ಸೀಬೆ, ಮಾವು, ಸೀಮೆಹುಣಸೆ, ಜೋಳದ ತೆನೆ, ಸೂರ್ಯಕಾಂತಿ, ಮುತ್ತುಗ ಬೂರುಗಗಳ ಹೂವು, ಮಕರಂದ, ಮೊಗ್ಗು. ರೈತ ಅಟ್ಟಣೆ ಹತ್ತಿ ಕವಣೆ ಬೀಸಿದರೂ ಒಂದು ಹೊಲದಿಂದ ಇನ್ನೊಂದು ತೋಟಕ್ಕೆ ಹಾರಿ ಊಟ ಬದಲಿಸುವ ಹಕ್ಕಿ ಅದು. ಗಿಳಿ ಕಚ್ಚಿದ ಹಣ್ಣನ್ನು ಹುಡುಕಿಕೊಂಡು ತಿಂದ ಜನ ನಾವು. ಗಿಳಿಜಾತಿಯ ಹಕ್ಕಿ ಕಾಳನ್ನಷ್ಟೇ ತಿನ್ನುತ್ತದೆ ಎಂದು ನಂಬಿದ್ದು ಹೇಗೋ ತಿಳಿಯದು.

ಗಿಳಿಗೆ ಮೆಣಸಿನಕಾಯಿ ಕೊಡುವ ನಮ್ಮ ಅಜ್ಜಿಯರ ರೂಢಿಯನ್ನು ಇಲ್ಲಿ ನೆನೆಯಬೇಕು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ, ಅಜ್ಜಿಯರೇ ಸರಿ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ನೋವಿನ ಗ್ರಾಹಕವನ್ನು ಕೆರಳಿಸುತ್ತದೆ, ಹಕ್ಕಿಯ ಗ್ರಾಹಕಕ್ಕೆ ಅದು ತಾಗುವುದೇ ಇಲ್ಲ. ಕಾಡುಮೆಣಸಿನ ಬೀಜವನ್ನು ಇಲಿ ಹೆಗ್ಗಣಗಳು ಅಗಿದು ಹಾಳುಮಾಡದೆ ಹಕ್ಕಿಗಳೇ ಹೊತ್ತು ಹರಡಲೆಂದು ಆ ಖಾರ ಎಂದು ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ಕೆಂಪು ಹಣ್ಣುಮೆಣಸಿನಲ್ಲಿ ಕೆರೋಟಿನ್ ಧಾರಾಳ. ಕಾಳಿನಲ್ಲಿ ಇಲ್ಲದ್ದೇ ಅದರಲ್ಲಿದೆ. ಅಂಗಡಿಯ ಪೊಟ್ಟಣ ಬಂದ ಮೇಲೆ ನಾವು ಆ ಹಳೆಯ ತಿಳಿವಳಿಕೆಯನ್ನು ಕೈಬಿಟ್ಟೆವು.

ಎರಡನೆಯ ವಾದ: ನಮ್ಮದು ಬರೀ ನವಣೆಯಲ್ಲ, ಮಿಶ್ರಕಾಳು. ಪೊಟ್ಟಣದ ಮೇಲೆ ಬಣ್ಣದ ಗಿಳಿಯ ಚಿತ್ರ, ಒಳಗೆ ನವಣೆ, ಬರಗು, ಸಜ್ಜೆ, ಕುಸುಬೆ, ಸೂರ್ಯಕಾಂತಿ, ಓಟ್ಸ್. ಆರು ಬಗೆ ಇದೆ, ಇನ್ನೇನು ಬೇಕು? ಆರಕ್ಕೆ ಆರೂ ಒಣಬೀಜಗಳೇ. ವಿಟಮಿನ್ ಎ ಆರರಲ್ಲೂ ಇಲ್ಲದಷ್ಟೇ, ಸುಣ್ಣ ಆರರಲ್ಲೂ ಸಾಲದು. ಅದರಲ್ಲೂ ಹಕ್ಕಿ ಆರನ್ನೂ ತಿನ್ನುವುದಿಲ್ಲ, ಕೊಬ್ಬಿನದನ್ನು ಹೆಕ್ಕಿ ತಿಂದು ಉಳಿದದ್ದನ್ನು ಚೆಲ್ಲುತ್ತದೆ. ಇನ್ನು ಕೆಲವು ಪೊಟ್ಟಣಗಳಲ್ಲಿ ಕಾಳಿಗೆ ವಿಟಮಿನ್ ಲೇಪಿಸಿದೆ ಎಂದು ಬರೆದಿರುತ್ತದೆ. ಗಿಳಿಜಾತಿಯ ಹಕ್ಕಿ ಕಾಳನ್ನು ನುಂಗುವುದಿಲ್ಲ, ಕೊಕ್ಕಿನಲ್ಲಿ ಸುಲಿದು ತಿರುಳು ತಿನ್ನುತ್ತದೆ. ಲೇಪಿಸಿದ ವಿಟಮಿನ್ ಹೊಟ್ಟಿನ ಜೊತೆ ಪಂಜರದ ತಟ್ಟೆಗೆ ಬೀಳುತ್ತದೆ. ಆ ಹೊಟ್ಟು ಬಟ್ಟಲಲ್ಲೇ ಉಳಿದಾಗ ಬಟ್ಟಲು ತುಂಬಿದಂತೆ ಕಾಣುತ್ತದೆ. ಊದಿ ನೋಡದೆ ಊರಿಗೆ ಹೋದವರ ಹಕ್ಕಿಗಳು ಹೊಟ್ಟಿನ ಬಟ್ಟಲ ಮುಂದೆಯೇ ಹಸಿವಿನಿಂದ ಸತ್ತದ್ದುಂಟು. ನೀರಿಗೆ ಬೆರೆಸುವ ವಿಟಮಿನ್ ಹನಿಗಳೂ ಪರಿಹಾರವಲ್ಲ. ನೀರಿನಲ್ಲಿ, ಬೆಳಕಿನಲ್ಲಿ ಅವು ಬೇಗ ಕೆಡುತ್ತವೆ, ಸೆಖೆಯಲ್ಲಿ ಆ ನೀರಿನಲ್ಲಿ ರೋಗಾಣು ಬೆಳೆಯುತ್ತದೆ, ರುಚಿ ಒಗ್ಗದ ಹಕ್ಕಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಮೂರನೆಯದು, ನಾನು ಹೆಚ್ಚು ಕೇಳಿದ್ದು: ಕೊಟ್ಟರೆ ತಿನ್ನುವುದಿಲ್ಲ ಸ್ವಾಮಿ, ಸೊಪ್ಪು ಇಟ್ಟರೆ ಹತ್ತಿರ ಬರುವುದಿಲ್ಲ, ತನಗೆ ಬೇಕಾದ್ದು ಹಕ್ಕಿಗೆ ಗೊತ್ತು. ಮಗುವಿನ ಮುಂದೆ ಅನ್ನವನ್ನೂ ಚಕ್ಕುಲಿಯನ್ನೂ ಇಟ್ಟು, ಅದು ಚಕ್ಕುಲಿಗೆ ಕೈಹಾಕಿದಾಗ ತನಗೆ ಬೇಕಾದ್ದು ಅದಕ್ಕೆ ಗೊತ್ತು ಎನ್ನುವ ತಾಯಿ ಯಾರು? ಕಾಡಿನಲ್ಲಿ ಕೊಬ್ಬು ಅಪರೂಪ, ಸಿಕ್ಕಾಗ ತಿನ್ನುವುದೇ ಬದುಕುವ ದಾರಿ. ಆ ಬಯಕೆಯನ್ನು ಹೊತ್ತ ಹಕ್ಕಿಯ ಮುಂದೆ ದಿನವಿಡೀ ಸೂರ್ಯಕಾಂತಿ ಸುರಿದದ್ದು ನಾವು. ಮರಿಯಾಗಿ ತಾನೇ ತಿನ್ನಲು ಕಲಿಯುವ ದಿನಗಳಲ್ಲಿ ಕಂಡದ್ದನ್ನೇ ಹಕ್ಕಿ ಆಹಾರವೆಂದು ಗುರುತಿಸುತ್ತದೆ. ಹುಟ್ಟಿದಾಗಿನಿಂದ ನವಣೆ ಬಿಟ್ಟು ಬೇರೇನೂ ಕಾಣದ ಬಡ್ಜಿಗೆ ಕೊತ್ತಂಬರಿ ಸೊಪ್ಪು ಊಟವೆಂದೇ ತಿಳಿಯದು, ಹೆದರಿಸುವ ಹಸಿರು ವಸ್ತು ಅಷ್ಟೇ.

ಆ ಹೆದರಿಕೆಯನ್ನು ಕಳೆಯಬಹುದು, ತಾಳ್ಮೆ ಬೇಕು. ಬೆಳಗ್ಗೆ ಹಸಿದಿರುವಾಗ ಮೊದಲು ಸೊಪ್ಪು, ಆಮೇಲೆ ಕಾಳು. ಚೆನ್ನಾಗಿ ತೊಳೆದ ಕೊತ್ತಂಬರಿ, ಮೆಂತ್ಯ, ನುಗ್ಗೆ, ಹರಿವೆಯನ್ನು ಕಟ್ಟಾಗಿ ಕೋಲಿನ ಪಕ್ಕ ನೇತುಹಾಕಬೇಕು. ಬಡ್ಜಿಗೆ ಒದ್ದೆ ಎಲೆಯಲ್ಲಿ ಮೈ ಉಜ್ಜಿ ಸ್ನಾನ ಮಾಡುವ ಆಸೆ. ಉಜ್ಜುತ್ತಾ ಕಚ್ಚುತ್ತದೆ, ಕಚ್ಚುತ್ತಾ ರುಚಿ ಹತ್ತುತ್ತದೆ. ಅದರ ಎದುರಿಗೆ ಕೂತು ನೀವೇ ತಿನ್ನಿ; ಹಿಂಡಿನ ಹಕ್ಕಿ ಅದು, ಜೊತೆಯವರು ತಿಂದದ್ದನ್ನು ನಂಬುತ್ತದೆ. ಕ್ಯಾರೆಟ್ಟು ತುರಿದು ಕಾಳಿನಲ್ಲಿ ಬೆರೆಸಿ, ಹೆಸರುಕಾಳನ್ನು ಮೊಳಕೆ ಬರಿಸಿ ಕೊಡಿ, ಒಂದೆರಡು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ, ನಮ್ಮ ಸೆಖೆಯಲ್ಲಿ ಬೇಗ ಹಳಸುತ್ತದೆ. ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಆದರೆ ಉಪವಾಸ ಕೆಡವಿ ದಾರಿಗೆ ತರುತ್ತೇನೆ ಎಂದು ಯಾರೂ ಹೊರಡಬಾರದು. ಮೂವತ್ತು ನಲವತ್ತು ಗ್ರಾಂ ತೂಗುವ ಜೀವ ಒಂದೆರಡು ದಿನ ತಿನ್ನದಿದ್ದರೆ ಉಳಿಯುವುದಿಲ್ಲ. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ದಿನಾ ತೂಕ ನೋಡಬೇಕು, ಹಿಕ್ಕೆ ನೋಡಬೇಕು, ತೂಕ ಇಳಿಯುತ್ತಿದ್ದರೆ ಹಿಂದೆ ಸರಿದು ಮತ್ತೆ ನಿಧಾನವಾಗಿ ಶುರುಮಾಡಬೇಕು.

ನಮ್ಮ ಹಕ್ಕಿ ಕಾಳು ತಿಂದೇ ನಾಲ್ಕು ವರ್ಷ ಚೆನ್ನಾಗಿತ್ತು, ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಹೋಯಿತು ಎನ್ನುವವರೂ ಸಿಗುತ್ತಾರೆ. ಚೆನ್ನಾಗಿ ಸಾಕಿದ ಬಡ್ಜಿ ಹತ್ತು ವರ್ಷ ಬಾಳುತ್ತದೆ, ಕಾಕಟೀಲ್ ಹದಿನೈದು ಇಪ್ಪತ್ತು. ನಾಲ್ಕು ವರ್ಷ ಎಂದರೆ ನಡುಪ್ರಾಯದ ಸಾವು. ಅದು ಇದ್ದಕ್ಕಿದ್ದಂತೆ ಬಂದದ್ದೂ ಅಲ್ಲ. ಬೇಟೆಗೆ ಗುರಿಯಾಗುವ ಜೀವಿ ನೋವನ್ನು ಕೊನೆಯ ಗಳಿಗೆಯವರೆಗೆ ಮುಚ್ಚಿಡುತ್ತದೆ. ನಮಗೆ ಕಂಡದ್ದು ಕೊನೆಯ ಬೆಳಗ್ಗೆ ಮಾತ್ರ.

ಬಗೆಬಗೆಯ ಆಹಾರ ಎಂದೊಡನೆ ತಮ್ಮ ತಟ್ಟೆಯದನ್ನೆಲ್ಲ ಹಂಚುವವರ ವಿಷಯದಲ್ಲೂ ಅಷ್ಟೇ ಕಟುವಾಗಿ ಹೇಳಬೇಕಾಗಿದೆ. ಬಿಸ್ಕತ್ತು, ಖಾರಾಬೂಂದಿ, ಹಾಲು ಅನ್ನ, ಕಾಫಿಯಲ್ಲಿ ಅದ್ದಿದ ಬ್ರೆಡ್ಡು ವೈವಿಧ್ಯವಲ್ಲ. ಉಪ್ಪು, ಕಾಫಿ, ಚಾಕೊಲೇಟು ಪುಟ್ಟ ಹಕ್ಕಿಗೆ ವಿಷ. ಹಾಲನ್ನು ಅರಗಿಸುವ ಕಿಣ್ವ ಹಕ್ಕಿಗೆ ಇಲ್ಲ. ಬೆಣ್ಣೆಹಣ್ಣನ್ನಂತೂ ಪಂಜರದ ಹತ್ತಿರಕ್ಕೂ ತರಬಾರದು. ಅದರಲ್ಲಿರುವ ಪರ್ಸಿನ್ ಹಕ್ಕಿಯ ಹೃದಯವನ್ನೇ ನಿಲ್ಲಿಸುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿಯ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೊಲ್ಲುತ್ತದೆ.

ಪೆಲೆಟ್ ಎಂಬ ಸಿದ್ಧ ಆಹಾರದ ಬಗ್ಗೆ ಎರಡು ಮಾತು. ಒಳ್ಳೆಯ ಪೆಲೆಟ್ಟಿನಲ್ಲಿ ಕಾಳಿನಲ್ಲಿ ಇಲ್ಲದ್ದನ್ನು ಅಳೆದು ಸೇರಿಸಿರುತ್ತಾರೆ, ಪಶುವೈದ್ಯರು ಅದನ್ನು ಹೇಳುವುದು ಸುಮ್ಮನೆ ಅಲ್ಲ. ಆದರೆ ಹೊರದೇಶದಿಂದ ಬರುವ ಆ ಪೊಟ್ಟಣದ ಬೆಲೆ ಕೇಳಿ ಹಿಂದೆ ಸರಿದವರು, ಅದಾಗದಿದ್ದರೆ ನವಣೆಯೇ ಗತಿ ಎಂದುಕೊಂಡುಬಿಟ್ಟಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ನುಗ್ಗೆಮರ ಹಿತ್ತಲಲ್ಲಿ ಇಲ್ಲದ ಊರು ಕರ್ನಾಟಕದಲ್ಲಿ ಎಲ್ಲಿದೆ? ರಾಗಿ ನಮ್ಮದೇ ಬೆಳೆ. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣ, ನವಣೆಯ ಹತ್ತು ಪಟ್ಟಿಗಿಂತ ಹೆಚ್ಚು. ಕುಂಬಳದ ತಿರುಳು, ಹಣ್ಣುಮೆಣಸು, ಕ್ಯಾರೆಟ್ಟು, ಸಿಪ್ಪೆ ಸಮೇತ ಪುಡಿಮಾಡಿದ ಬೇಯಿಸಿದ ಮೊಟ್ಟೆ ವಾರಕ್ಕೊಮ್ಮೆ ಚಮಚದಷ್ಟು, ಕಚ್ಚಲು ಕಟಲ್‌ಬೋನ್ ಎಂಬ ಕಡಲಜೀವಿಯ ಸುಣ್ಣದ ಚಿಪ್ಪು ಒಂದು: ಒಂದು ಜೋಡಿ ಬಡ್ಜಿಗೆ ಬೇಕಾದ್ದು ಮನೆಯ ಅಡುಗೆಗೆ ಹೆಚ್ಚುವ ತರಕಾರಿಯಲ್ಲಿ ಒಂದು ಚಿಟಿಕೆ. ಪಾಲಕ್ ದಿನಾ ಬೇಡ, ಅದರ ಆಕ್ಸಲೇಟು ಸುಣ್ಣವನ್ನು ಕಟ್ಟಿಹಾಕುತ್ತದೆ. ಪೆಲೆಟ್ ಕೊಳ್ಳಬಲ್ಲವರು ಕೊಳ್ಳಲಿ, ಸೊಪ್ಪನ್ನು ಬಿಡದಿರಲಿ. ಕಾಳನ್ನೂ ಪೂರ್ತಿ ಬಿಡಿಸಬೇಕಿಲ್ಲ. ಬಡ್ಜಿಯ ತಟ್ಟೆಯಲ್ಲಿ ಅದು ಒಂದು ಪಾಲಾಗಿರಲಿ, ಸೂರ್ಯಕಾಂತಿ ಕೈಯಿಂದ ಕೊಡುವ ಒಂದೆರಡು ಕಾಳಾಗಿರಲಿ.

ಸುಣ್ಣ ಎಷ್ಟು ತಿನ್ನಿಸಿದರೂ ಅದು ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಅದಕ್ಕೆ ಬಿಸಿಲು ಬೇಕು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ಬಿಸಿಲಿಗೆ ಪಂಜರವನ್ನು ಹೊರಗೆ, ಅರ್ಧ ನೆರಳಿರುವ ಕಡೆ, ಬೆಕ್ಕು ಕಾಗೆಗಳಿಂದ ಕಾಯ್ದು ಸ್ವಲ್ಪ ಹೊತ್ತು ಇಡಬೇಕು. ಗಾಜು ಮುಚ್ಚಿದ ಬಾಲ್ಕನಿಯ ಮನೆಯವರು ಇದನ್ನು ಹಕ್ಕಿ ತರುವ ಮುಂಚೆಯೇ ಯೋಚಿಸಬೇಕು.

ಹಕ್ಕಿ ಮಾರುವವರ ಮುಂದೆ ನನ್ನದೊಂದು ಒತ್ತಾಯವಿದೆ. ಮರಿಗಳು ಕಾಳು ಕುಟುಕಲು ಕಲಿಯುವ ವಾರಗಳಲ್ಲೇ ಸೊಪ್ಪು, ತರಕಾರಿಯ ಪರಿಚಯ ಮಾಡಿಸಿ, ಆಮೇಲೆ ಮಾರಿ. ಆ ವಾರಗಳು ನಿಮ್ಮ ಕೈಯಲ್ಲಿವೆ, ಕೊಂಡವರ ಕೈಯಲ್ಲಿಲ್ಲ. ಅಲ್ಲಿ ಕಲಿತದ್ದು ಬಾಳಿನುದ್ದಕ್ಕೂ ಉಳಿಯುತ್ತದೆ. ಪಂಜರದ ಜೊತೆ ನವಣೆಯ ಪೊಟ್ಟಣ ಕಟ್ಟಿಕೊಡುವಾಗ, ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನೂ ಕೊಡಿ. ಕೊಳ್ಳಲು ಬಂದವರು ದಿನಾ ಬೆಳಗ್ಗೆ ಸೊಪ್ಪು ತೊಳೆದು ಕಟ್ಟುವಷ್ಟು ಪುರುಸೊತ್ತು ನಮಗಿಲ್ಲ ಎಂದರೆ, ಅವರಿಗೆ ಹಕ್ಕಿಯನ್ನು ಮಾರಬೇಡಿ.